ಐದು ಸ್ಥಾನ, ಇಪ್ಪತ್ತಕ್ಕೂ ಹೆಚ್ಚು ಗಾಯಕರು: ಟೆಂಪ್ಟೇಷನ್ಸ್ ಅಭಿಮಾನಿಗಳ ಮುಗಿಯದ ವಾದ

1968ರ ಬೇಸಿಗೆಯಲ್ಲಿ ಸೋಲ್ ಎಂಬ ಕಪ್ಪು ಅಮೆರಿಕನ್ನರ ಭಾವತೀವ್ರ ಸಂಗೀತವನ್ನು ಹಾಡುವ ಅಮೆರಿಕದ ಗಾಯನ ತಂಡ ‘ದ ಟೆಂಪ್ಟೇಷನ್ಸ್’ ಹೊಸ ಗಾಯಕ ಡೆನಿಸ್ ಎಡ್ವರ್ಡ್ಸ್ ಅವರನ್ನು ಕರೆದುಕೊಂಡು ಊರೂರು ತಿರುಗುತ್ತಿತ್ತು. ಕೆಲವೇ ವಾರಗಳ ಹಿಂದೆ ಅದೇ ತಂಡ ಹೊರಹಾಕಿದ್ದ ಡೇವಿಡ್ ರಫಿನ್ ಆ ಕಾರ್ಯಕ್ರಮಗಳಿಗೆ ಹೇಳದೆ ಕೇಳದೆ ಬರುತ್ತಿದ್ದರು. ಹಾಡಿನ ನಡುವೆ ವೇದಿಕೆಗೆ ಹಾರಿ, ಎಡ್ವರ್ಡ್ಸ್ ಮುಂದಿದ್ದ ಮೈಕನ್ನು ಕಿತ್ತುಕೊಂಡು, ಒಂದು ಕಾಲಕ್ಕೆ ತಮ್ಮದಾಗಿದ್ದ ಹಾಡನ್ನು ತಾವೇ ಹಾಡಿ, ಬಂದಷ್ಟೇ ವೇಗದಲ್ಲಿ ಹೊರಟುಹೋಗುತ್ತಿದ್ದರು. ಇದು ಒಂದು ಸಲ ನಡೆದು ನಿಂತ ಘಟನೆಯಲ್ಲ. ರಫಿನ್ ಅವರನ್ನು ವೇದಿಕೆಯಿಂದ ದೂರವಿಡಲು ತಂಡದವರು ಕಾವಲಿನವರನ್ನು ನೇಮಿಸಬೇಕಾಯಿತು. ಸಭಿಕರಿಗೆ ಮಾತ್ರ ಇದು ಹಬ್ಬವೇ ಆಗಿತ್ತು. ಅವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಮತ್ತು ಆ ಚಪ್ಪಾಳೆಯ ಸದ್ದಿನಲ್ಲೇ ಎಡ್ವರ್ಡ್ಸ್ ತಮ್ಮ ಹೊಸ ಕೆಲಸವನ್ನು ಮುಂದುವರಿಸಬೇಕಿತ್ತು.

ಟೆಂಪ್ಟೇಷನ್ಸ್ ಅಭಿಮಾನಿಗಳ ನಡುವಿನ ವಾದ ಅಂದು ಶುರುವಾದದ್ದು ಇಂದಿಗೂ ನಿಂತಿಲ್ಲ. ರಫಿನ್ ಇದ್ದ ತಂಡವೇ ನಿಜವಾದದ್ದು ಎಂದು ಒಂದು ಪಕ್ಷ ಹೇಳುತ್ತದೆ. ಎಡ್ವರ್ಡ್ಸ್ ಬಂದ ಮೇಲೆಯೇ ತಂಡಕ್ಕೆ ಎದೆಗಾರಿಕೆ ಬಂತು ಎಂದು ಇನ್ನೊಂದು ಪಕ್ಷ. ಹೊರಗಿನಿಂದ ನೋಡುವವರಿಗೆ ಇದು ಇಬ್ಬರು ಗಾಯಕರಲ್ಲಿ ಯಾರು ಮೇಲು ಎಂಬ ಮಾಮೂಲಿ ಜಗಳದಂತೆ ಕಾಣಬಹುದು. ಆದರೆ ಹತ್ತಿರ ಹೋದರೆ ಇದರಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದು ತಿಳಿಯುತ್ತದೆ: ದನಿ ಯಾರದು, ಹಾಡು ಯಾರದು, ಹೆಸರು ಯಾರದು. ಈ ಮೂರನ್ನೂ ಬಿಡಿಸಿ ನೋಡಿದಾಗ, ತಂಡದ ಸ್ವರೂಪವನ್ನು ನಿಜವಾಗಿ ಬದಲಿಸಿದ್ದು ಎಲ್ಲರೂ ಮಾತಾಡುವ 1968ರ ನಿರ್ಗಮನವಲ್ಲ, ಅಷ್ಟಾಗಿ ಮಾತಿಗೆ ಬಾರದ 1971ರ ಎರಡು ನಿರ್ಗಮನಗಳು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳಬೇಕಾದರೆ ಮೊದಲು ತಂಡ ಹೇಗೆ ಕಟ್ಟಲ್ಪಟ್ಟಿತ್ತು ಎಂಬುದನ್ನು ನೋಡಬೇಕು.

ಗಾಯನ ತಂಡ ಎಂದರೆ ವಾದ್ಯಗೋಷ್ಠಿಯಲ್ಲ. ರಾಕ್ ಬ್ಯಾಂಡಿನ ಸದಸ್ಯರು ತಮ್ಮ ಗಿಟಾರ್, ಡ್ರಮ್ಮುಗಳನ್ನು ತಾವೇ ನುಡಿಸುತ್ತಾರೆ, ಬಹಳಷ್ಟು ಸಲ ಹಾಡನ್ನೂ ತಾವೇ ಬರೆಯುತ್ತಾರೆ. ಡೆಟ್ರಾಯಿಟ್ ನಗರದ ಧ್ವನಿಮುದ್ರಣ ಸಂಸ್ಥೆಯಾದ ಮೋಟೌನ್ ಕಂಪನಿಯಲ್ಲಿ ವ್ಯವಸ್ಥೆ ಬೇರೆಯಾಗಿತ್ತು. ಬೆರಿ ಗಾರ್ಡಿ ಕಟ್ಟಿದ ಆ ಸಂಸ್ಥೆಯಲ್ಲಿ ಹಾಡು ಬರೆಯುವವರು ಬೇರೆ, ಅದನ್ನು ರೂಪಿಸುವ ನಿರ್ಮಾಪಕರು ಬೇರೆ, ನುಡಿಸುವವರು ಬೇರೆ. ‘ಫಂಕ್ ಬ್ರದರ್ಸ್’ ಎಂದು ಕರೆಸಿಕೊಂಡ ಅದೇ ವಾದ್ಯಗಾರರ ಬಳಗ ಬೆಳಗ್ಗೆ ಒಂದು ತಂಡಕ್ಕೂ ಮಧ್ಯಾಹ್ನ ಇನ್ನೊಂದು ತಂಡಕ್ಕೂ ನುಡಿಸುತ್ತಿತ್ತು. ವೇದಿಕೆಯ ಮೇಲಿನ ಹೆಜ್ಜೆ ಹೇಳಿಕೊಡಲು ಚೋಲಿ ಆಟ್ಕಿನ್ಸ್ ಎಂಬ ನೃತ್ಯ ನಿರ್ದೇಶಕರಿದ್ದರು. ಹೀಗಾಗಿ ಟೆಂಪ್ಟೇಷನ್ಸ್ ತಮ್ಮ ಸ್ವಂತದ್ದೆಂದು ಹೇಳಿಕೊಳ್ಳಬಹುದಾಗಿದ್ದದ್ದು ಐದು ಕಂಠಗಳು ಮತ್ತು ಅವು ಒಂದಕ್ಕೊಂದು ಹೊಂದಿಕೊಂಡಿದ್ದ ರೀತಿ, ಅಷ್ಟೆ. ಒಬ್ಬರು ಹೋದರೆ ತಂಡದ ಐದನೇ ಒಂದು ಭಾಗ ಹೋದಂತೆ. ಕಂಪನಿಯ ಕಣ್ಣಿಗೆ ಇದೇ ವಿಷಯ ತಿರುವುಮುರುವಾಗಿ ಕಾಣುತ್ತಿತ್ತು: ಹಾಡು, ವಾದ್ಯ, ನಿರ್ಮಾಪಕ, ಹೆಸರು ಎಲ್ಲವೂ ಇಲ್ಲೇ ಇರುವಾಗ ಒಂದು ಕಂಠವನ್ನು ಬದಲಿಸುವುದು ಯಾವ ದೊಡ್ಡ ಮಾತು? ಅಭಿಮಾನಿಗಳ ವಾದದ ಎರಡು ತುದಿಗಳೂ ಈ ಒಂದೇ ವ್ಯವಸ್ಥೆಯಿಂದ ಹುಟ್ಟಿದವು.

ಆ ಐದು ಕಂಠಗಳು ಬಂದದ್ದು ಎರಡು ಕಡೆಯಿಂದ. ಎಡ್ಡಿ ಕೆಂಡ್ರಿಕ್ಸ್ ಮತ್ತು ಪಾಲ್ ವಿಲಿಯಮ್ಸ್ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಟ್ಟಿಗೆ ಬೆಳೆದು, ‘ಪ್ರೈಮ್ಸ್’ ಎಂಬ ಹೆಸರಿನಲ್ಲಿ ಹಾಡುತ್ತ ಡೆಟ್ರಾಯಿಟಿಗೆ ಬಂದವರು. (ಮುಂದೆ ‘ಸುಪ್ರೀಮ್ಸ್’ ಎಂದು ಜಗತ್ತಿಗೆ ಪರಿಚಯವಾದ ಹುಡುಗಿಯರ ತಂಡ ಮೊದಲು ‘ಪ್ರೈಮೆಟ್ಸ್’ ಎಂದು ಕರೆಸಿಕೊಂಡದ್ದು ಇವರ ಸೋದರಿ ತಂಡವಾಗಿಯೇ.) ಓಟಿಸ್ ವಿಲಿಯಮ್ಸ್, ಮೆಲ್ವಿನ್ ಫ್ರಾಂಕ್ಲಿನ್ ಮತ್ತು ಎಲ್ಬ್ರಿಡ್ಜ್ ಬ್ರಯಂಟ್ ಡೆಟ್ರಾಯಿಟಿನಲ್ಲೇ ಇದ್ದ ‘ಡಿಸ್ಟಂಟ್ಸ್’ ತಂಡದವರು. 1960ರಲ್ಲಿ ಎರಡೂ ಕಡೆಯವರು ಕೂಡಿಕೊಂಡರು. 1961ರಲ್ಲಿ ಮೋಟೌನ್ ಜೊತೆ ಒಪ್ಪಂದವಾಯಿತು. ಓಟಿಸ್ ಮತ್ತು ಪಾಲ್ ಇಬ್ಬರ ಹೆಸರಿನಲ್ಲೂ ವಿಲಿಯಮ್ಸ್ ಇದ್ದರೂ ಅವರು ಸಂಬಂಧಿಕರಲ್ಲ.

ದನಿಗಳ ಹಂಚಿಕೆ ಹೀಗಿತ್ತು. ಮೇಲಿನ ಅಂಚಿನಲ್ಲಿ ಕೆಂಡ್ರಿಕ್ಸ್ ಅವರ ಫಾಲ್ಸೆಟೊ, ಅಂದರೆ ಗಂಡಸು ತನ್ನ ಸಹಜ ದನಿಯನ್ನು ಬಿಟ್ಟು ತಾರಸ್ಥಾಯಿಯಲ್ಲಿ ತೆಳ್ಳಗೆ ತೇಲಿಸುವ ಕಳ್ಳದನಿ. ಕೆಳಗಿನ ಅಂಚಿನಲ್ಲಿ ಮೆಲ್ವಿನ್ ಫ್ರಾಂಕ್ಲಿನ್ ಅವರ ಮಂದ್ರ, ನೆಲದಡಿಯಿಂದ ಬಂದಂತೆ ಕೇಳುವ ಬಾಸ್. ನಡುವೆ ಪಾಲ್ ವಿಲಿಯಮ್ಸ್ ಅವರ ಬ್ಯಾರಿಟೋನ್. ಇದು ತೂಕವಿರುವ, ಸ್ವಲ್ಪ ಒರಟಾದ, ನೋವು ಹೊತ್ತ ದನಿ. ಓಟಿಸ್ ವಿಲಿಯಮ್ಸ್ ಮಧ್ಯದ ಸ್ವರಗಳನ್ನು ತುಂಬುತ್ತಿದ್ದರು, ಮುಂದೆ ನಿಂತು ಹಾಡುವುದು ಅಪರೂಪ. ಐದನೆಯದು ಟೆನರ್, ಅಂದರೆ ಗಂಡಸಿನ ಸಹಜ ದನಿಗಳಲ್ಲಿ ಎತ್ತರದ್ದು, ಬ್ರಯಂಟ್ ಅವರ ಸ್ಥಾನ. ತಂಡವನ್ನು ಐದು ವ್ಯಕ್ತಿಗಳೆಂದು ನೆನಪಿಟ್ಟುಕೊಳ್ಳುವ ಬದಲು ಐದು ಸ್ಥಾನಗಳೆಂದು ನೆನಪಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ.

ಮೊದಲ ಕೆಲವು ವರ್ಷ ತಂಡಕ್ಕೆ ಹೇಳಿಕೊಳ್ಳುವಂಥ ಯಶಸ್ಸು ಸಿಗಲಿಲ್ಲ. ಮೋಟೌನ್ ಓಣಿಯಲ್ಲಿ ಅವರನ್ನು ‘ಹಿಟ್ ಇಲ್ಲದ ಟೆಂಪ್ಟೇಷನ್ಸ್’ ಎಂದು ಛೇಡಿಸುತ್ತಿದ್ದರು. 1963 ಮುಗಿಯುವ ಹೊತ್ತಿಗೆ ಬ್ರಯಂಟ್ ಮತ್ತು ಉಳಿದವರ ನಡುವಿನ ವಿರಸ ಕೈಕೈ ಮಿಲಾಯಿಸುವವರೆಗೆ ಹೋಗಿ, ಅವರನ್ನು ಬಿಡುವುದೆಂದು ತೀರ್ಮಾನವಾಯಿತು. ಅವರ ಜಾಗಕ್ಕೆ ಇಬ್ಬರು ಅಣ್ಣತಮ್ಮಂದಿರ ಹೆಸರು ಕೇಳಿಬಂತು, ಜಿಮ್ಮಿ ರಫಿನ್ ಮತ್ತು ಡೇವಿಡ್ ರಫಿನ್. 1964ರ ಜನವರಿಯಲ್ಲಿ ತಮ್ಮನಾದ ಡೇವಿಡ್ ಆಯ್ಕೆಯಾದರು. ಅದೇ ತಿಂಗಳು ಧ್ವನಿಮುದ್ರಿಸಿದ ‘ದ ವೇ ಯೂ ಡು ದ ಥಿಂಗ್ಸ್ ಯೂ ಡು’ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಾಪ್ ಪಟ್ಟಿಯಲ್ಲಿ 11ನೇ ಸ್ಥಾನ ತಲುಪಿತು. ಅದರಲ್ಲಿ ಮುಂದೆ ನಿಂತು ಹಾಡಿದ್ದು ಕೆಂಡ್ರಿಕ್ಸ್. ಹೊಸಬರಾದ ರಫಿನ್ ಹಿಂದಿನ ಸಾಲಿನಲ್ಲಿದ್ದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅಭಿಮಾನಿಗಳು ‘ಕ್ಲಾಸಿಕ್ ಫೈವ್’ ಎಂದು ಗೌರವದಿಂದ ಕರೆಯುವ, ಎಲ್ಲ ಹೋಲಿಕೆಗಳಿಗೂ ಅಳತೆಗೋಲಾಗಿ ಬಳಸುವ ಐವರ ತಂಡವೇ ಒಂದು ಬದಲಾವಣೆಯ ಫಲ. ಮೂಲ ತಂಡವೇ ಶ್ರೇಷ್ಠ ಎಂದು ವಾದಿಸುವವರು ಬ್ರಯಂಟ್ ಅವರ ಹೆಸರನ್ನು ಹೇಳುವುದಿಲ್ಲ. ಅವರು ‘ಮೂಲ’ ಎಂದಾಗ ಮನಸ್ಸಿನಲ್ಲಿರುವುದು ತಮ್ಮ ಕಿವಿಗೆ ಮೊದಲು ಬಿದ್ದ ತಂಡ. ಇದನ್ನು ನಾನು ಅವರ ತಪ್ಪೆಂದು ಹೇಳುತ್ತಿಲ್ಲ, ಏಕೆಂದರೆ ಕೇಳುಗನೊಬ್ಬನ ಮಟ್ಟಿಗೆ ತಂಡ ಹುಟ್ಟುವುದು ಅದರ ಮೊದಲ ಹಾಡು ಎದೆಗೆ ತಾಗಿದಾಗಲೇ. ಆದರೆ ಚರಿತ್ರೆಯನ್ನು ವಾದಕ್ಕೆ ಸಾಕ್ಷಿಯಾಗಿ ಕರೆಯುವವರು ಅದನ್ನು ಪೂರ್ತಿಯಾಗಿ ಕರೆಯಬೇಕಾಗುತ್ತದೆ.

ರಫಿನ್ ಪಕ್ಷದವರ ಬಲವಾದ ಸಾಕ್ಷಿ ‘ಮೈ ಗರ್ಲ್’. ಮೋಟೌನ್ ಕಂಪನಿಯ ಗಾಯಕ ಮತ್ತು ಗೀತರಚನೆಕಾರ ಸ್ಮೋಕಿ ರಾಬಿನ್ಸನ್, ತಮ್ಮದೇ ತಂಡದ ರೊನಾಲ್ಡ್ ವೈಟ್ ಜೊತೆಗೂಡಿ ಇದನ್ನು ಬರೆದದ್ದು ರಫಿನ್ ಅವರ ಕಂಠವನ್ನು ಮನಸ್ಸಿನಲ್ಲಿಟ್ಟುಕೊಂಡು. 1964ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಹಾಡು 1965ರ ಮಾರ್ಚಿನಲ್ಲಿ ಪಾಪ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಹಾಡಿನ ಆರಂಭವನ್ನು ಕಿವಿಗೊಟ್ಟು ಕೇಳಬೇಕು. ಮೊದಲು ಜೇಮ್ಸ್ ಜೇಮರ್ಸನ್ ಅವರ ಬಾಸ್ ಗಿಟಾರ್ ಒಂಟಿಯಾಗಿ, ಎದೆಬಡಿತದ ಹಾಗೆ ಮಿಡಿಯುತ್ತದೆ. ಅದರ ಮೇಲೆ ರಾಬರ್ಟ್ ವೈಟ್ ಅವರ ಗಿಟಾರ್ ಒಂದೊಂದೇ ಸ್ವರದ ಮೆಟ್ಟಿಲು ಹತ್ತುತ್ತದೆ. ಅಷ್ಟಾದ ಮೇಲೆ ರಫಿನ್ ಬರುತ್ತಾರೆ. ಹಾಡಿನ ಮಾತೆಲ್ಲ ಸಂತೋಷದ್ದು. ಆದರೆ ಆ ದನಿಯ ಅಂಚು ಒರಟು, ಗಂಟಲು ಕಟ್ಟಿದವನು ನಗುವ ಹಾಗೆ. ಸಂತೋಷದ ಹಿಂದೆ ಅದನ್ನು ಕಳೆದುಕೊಳ್ಳುವ ಭಯವೂ ಇರುವಂತೆ ತೋರುತ್ತದೆ. ರಫಿನ್ ಮಿಸಿಸಿಪ್ಪಿಯಲ್ಲಿ ಚರ್ಚಿನ ಬೋಧಕರ ಮಗನಾಗಿ ಹುಟ್ಟಿ, ಗಾಸ್ಪೆಲ್ ಎಂಬ ಚರ್ಚಿನ ಭಕ್ತಿಗೀತೆಗಳನ್ನು ಹಾಡುತ್ತ ಬೆಳೆದವರು. ದೇವರ ಮುಂದೆ ಮೊರೆಯಿಡುವ ಆ ಕ್ರಮವನ್ನು ಅವರು ಪ್ರೇಮಗೀತೆಗೆ ತಂದರು. 1966ರ ‘ಏಂಟ್ ಟೂ ಪ್ರೌಡ್ ಟು ಬೆಗ್’ ಕೇಳಿದರೆ ಮೊರೆ ಎಂಬ ಮಾತು ಉತ್ಪ್ರೇಕ್ಷೆಯಲ್ಲ ಎಂಬುದು ತಿಳಿಯುತ್ತದೆ.

ಅಲ್ಲಿಂದ ಮುಂದೆ ರಫಿನ್ ತಂಡದ ಮುಖವಾದರು. ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ, ಮೈಕನ್ನು ಗಾಳಿಗೆ ಎಸೆದು ಹಿಡಿಯುವ ಚಳಕ, ಮಂಡಿಯೂರಿ ಬೀಳುವ ರೀತಿ ಎಲ್ಲವೂ ಜನರಿಗೆ ಪ್ರಿಯವಾದವು. 1967ರಲ್ಲಿ ಸುಪ್ರೀಮ್ಸ್ ತಂಡದ ಹೆಸರು ‘ಡಯಾನಾ ರಾಸ್ ಅಂಡ್ ದ ಸುಪ್ರೀಮ್ಸ್’ ಎಂದಾದಾಗ, ತಮ್ಮ ಹೆಸರನ್ನೂ ಹಾಗೆಯೇ ಮುಂದೆ ಹಾಕಬೇಕೆಂದು ರಫಿನ್ ಕೇಳತೊಡಗಿದರು. ತಂಡದವರ ಜೊತೆ ಪ್ರಯಾಣಿಸದೆ ತಮ್ಮದೇ ವಾಹನದಲ್ಲಿ ಬರುತ್ತಿದ್ದರು, ಮಾದಕ ವಸ್ತುಗಳ ಬಳಕೆ ಹೆಚ್ಚಿತು, ಕಾರ್ಯಕ್ರಮಗಳಿಗೆ ತಪ್ಪಿಸಿಕೊಳ್ಳತೊಡಗಿದರು. 1968ರ ಜೂನ್‌ನಲ್ಲಿ ಕ್ಲೀವ್‌ಲ್ಯಾಂಡಿನ ಕಾರ್ಯಕ್ರಮಕ್ಕೆ ಬಾರದೆ ಹೋದಾಗ ಉಳಿದ ನಾಲ್ವರು ಅವರನ್ನು ಕೈಬಿಟ್ಟರು. ಅವರ ಜಾಗಕ್ಕೆ ‘ಕಾಂಟೂರ್ಸ್’ ತಂಡದಲ್ಲಿ ಹಾಡಿದ್ದ ಡೆನಿಸ್ ಎಡ್ವರ್ಡ್ಸ್ ಬಂದರು.

ಇಲ್ಲಿಂದ ವಾದ ಕಾವೇರುತ್ತದೆ. ಎಡ್ವರ್ಡ್ಸ್ ಬಂದು ಕೆಲವೇ ತಿಂಗಳಲ್ಲಿ, 1968ರ ಅಕ್ಟೋಬರಿನಲ್ಲಿ ‘ಕ್ಲೌಡ್ ನೈನ್’ ಬಿಡುಗಡೆಯಾಯಿತು. ಸೂಟು ತೊಟ್ಟು ಪ್ರೇಮಗೀತೆ ಹಾಡುತ್ತಿದ್ದ ತಂಡ ಈಗ ಬಡತನ, ನಗರದ ಕೊಳಗೇರಿ, ಬದುಕಿನಿಂದ ತಪ್ಪಿಸಿಕೊಳ್ಳುವ ಹಂಬಲಗಳನ್ನು ಕುರಿತು ಹಾಡುತ್ತಿತ್ತು. ಗಿಟಾರು ವಾ-ವಾ ಎಂದು ಕೊಂಕಿಕೊಂಡು ನುಡಿಯುತ್ತಿತ್ತು. ಮೋಟೌನ್ ಕಂಪನಿಗೆ ಮೊಟ್ಟಮೊದಲ ಗ್ರಾಮಿ ಪ್ರಶಸ್ತಿ ತಂದದ್ದು ಈ ಹಾಡು. ಒಂದು ಪಕ್ಷದವರು ಇದನ್ನು ಎಡ್ವರ್ಡ್ಸ್ ತಂದ ಹೊಸ ಶಕ್ತಿ ಎನ್ನುತ್ತಾರೆ, ಇನ್ನೊಂದು ಪಕ್ಷದವರು ರಫಿನ್ ಇಲ್ಲದ್ದರಿಂದ ಕಳೆದುಹೋದ ಮೃದುತ್ವ ಎನ್ನುತ್ತಾರೆ. ಎರಡೂ ಪಕ್ಷಗಳು ಬದಲಾವಣೆಯ ಶ್ರೇಯಸ್ಸನ್ನೋ ದೋಷವನ್ನೋ ಗಾಯಕನ ತಲೆಗೆ ಕಟ್ಟುತ್ತಿವೆ. ನಡೆದದ್ದು ಬೇರೆ. ಆ ವರ್ಷ ‘ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್’ ತಂಡದ ಸಂಗೀತ ದೇಶವನ್ನೇ ಹಿಡಿದಿತ್ತು. ಅದರಲ್ಲಿ ಒಬ್ಬನೇ ಮುಖ್ಯ ಗಾಯಕನಿರದೆ, ಸಾಲಿಗೊಬ್ಬರಂತೆ ದನಿಗಳು ಕೈಬದಲಾಯಿಸುತ್ತಿದ್ದವು. ಆ ದಾರಿಯನ್ನು ಓಟಿಸ್ ವಿಲಿಯಮ್ಸ್ ಅವರೇ ನಿರ್ಮಾಪಕ ನಾರ್ಮನ್ ವಿಟ್‌ಫೀಲ್ಡ್ ಅವರಿಗೆ ತೋರಿಸಿದ್ದರು. ಮೊದಲು ಒಪ್ಪದ ವಿಟ್‌ಫೀಲ್ಡ್, ಆಮೇಲೆ ಬ್ಯಾರೆಟ್ ಸ್ಟ್ರಾಂಗ್ ಜೊತೆ ಹಾಡು ಕಟ್ಟಿ ಅದೇ ದಾರಿ ಹಿಡಿದರು. ರಫಿನ್ ಉಳಿದಿದ್ದರೂ ಹಾಡುಗಳು ಬದಲಾಗುತ್ತಿದ್ದವು ಎಂದೇ ನನಗೆ ತೋರುತ್ತದೆ.

ಎಡ್ವರ್ಡ್ಸ್ ಅವರ ಆಯ್ಕೆಯಲ್ಲಿ ಸ್ಥಾನದ ತರ್ಕ ಸ್ಪಷ್ಟವಾಗಿ ಕಾಣುತ್ತದೆ. ಅವರೂ ಬೋಧಕರ ಮಗ, ಅಲಬಾಮಾದಲ್ಲಿ ಹುಟ್ಟಿದ ಅವರೂ ಚರ್ಚಿನ ಹಾಡಿನಲ್ಲಿ ಪಳಗಿದವರು, ಅವರದ್ದೂ ಕಡೆದ ಮರದಂತೆ ಒರಟಾದ ದನಿ. ರಫಿನ್ ಬಿಟ್ಟುಹೋದ ಕುರ್ಚಿಗೆ ಅದೇ ಅಳತೆಯ ಮನುಷ್ಯ ಬಂದರು. ವ್ಯತ್ಯಾಸವಿಲ್ಲವೆಂದಲ್ಲ. ರಫಿನ್ ಅಂಗಲಾಚುವಾಗ ಒಡೆದುಹೋಗುತ್ತಾರೆ, ಎಡ್ವರ್ಡ್ಸ್ ಗದರಿಸಿ ಗೆಲ್ಲುತ್ತಾರೆ. ಹಾಗಾಗಿ ಎಡ್ವರ್ಡ್ಸ್ ‘ಮೈ ಗರ್ಲ್’ ಹಾಡಿದರೆ ಏನೋ ಕೊರತೆ ಎನಿಸುವುದು ನಿಜ. ‘ಬಾಲ್ ಆಫ್ ಕನ್‌ಫ್ಯೂಷನ್’ ಹಾಡನ್ನು ರಫಿನ್ ದನಿಯಲ್ಲಿ ಊಹಿಸಿಕೊಳ್ಳುವುದೂ ಅಷ್ಟೇ ಕಷ್ಟ. ಆದರೆ ಉಳಿದ ನಾಲ್ಕು ದನಿಗಳು ಇದ್ದಲ್ಲೇ ಇದ್ದವು. 1969ರಲ್ಲಿ ಮೊದಲ ಸ್ಥಾನಕ್ಕೇರಿದ ‘ಐ ಕಾಂಟ್ ಗೆಟ್ ನೆಕ್ಸ್ಟ್ ಟು ಯೂ’ ಹಾಡು ಸಭಿಕರ ಚಪ್ಪಾಳೆಯಿಂದ ಆರಂಭವಾಗುತ್ತದೆ, ಎಡ್ವರ್ಡ್ಸ್ ಆ ಸದ್ದನ್ನು ನಿಲ್ಲಿಸಲು ಹೇಳುತ್ತಾರೆ, ಪಿಯಾನೊ ಶುರುವಾಗುತ್ತದೆ. ಆಮೇಲೆ ಐವರೂ ಸರದಿಯ ಮೇಲೆ ಮುಂದೆ ಬರುತ್ತಾರೆ: ಒರಟು ದನಿಯ ಬೆನ್ನಿಗೆ ಕಳ್ಳದನಿ, ಅದರ ಬೆನ್ನಿಗೆ ನೆಲದಡಿಯ ಬಾಸ್. ಐದೂ ಕುರ್ಚಿಗಳು ತುಂಬಿರುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಮೂರು ನಿಮಿಷ ಈ ತಂಡದ ಧ್ವನಿಮುದ್ರಣಗಳಲ್ಲಿ ನನಗೆ ಸಿಕ್ಕಿಲ್ಲ. ರಫಿನ್ ಹೋಗಿ ಒಂದು ವರ್ಷದ ಮೇಲಾಗಿತ್ತು.

ಕುರ್ಚಿ ಖಾಲಿಯಾಗದೆಯೇ ಬರಿದಾಗುತ್ತಿದ್ದದ್ದು ಬೇರೆ ಕಡೆ. ಪಾಲ್ ವಿಲಿಯಮ್ಸ್ ಮೊದಲ ದಿನಗಳಲ್ಲಿ ತಂಡದ ಮುಖ್ಯ ದನಿಗಳಲ್ಲಿ ಒಬ್ಬರು, ವೇದಿಕೆಯ ಹೆಜ್ಜೆಗಳನ್ನು ಮೊದಲು ರೂಪಿಸಿದವರು. 1965ರ ‘ಡೋಂಟ್ ಲುಕ್ ಬ್ಯಾಕ್’ ಅವರ ಹಾಡು. ಅವರಿಗೆ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯಿತ್ತು, ಜೊತೆಗೆ ಕುಡಿತದ ಚಟ ಹತ್ತಿತ್ತು. ಅರವತ್ತರ ದಶಕದ ಕೊನೆಯ ಹೊತ್ತಿಗೆ ಕಾರ್ಯಕ್ರಮವಿದ್ದಲ್ಲೆಲ್ಲ ರಂಗದ ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್ ಇಟ್ಟುಕೊಳ್ಳಬೇಕಾಗಿತ್ತು. ಆಗ ತಂಡದವರು ಡಿಸ್ಟಂಟ್ಸ್ ಕಾಲದ ಹಳೆಯ ಗೆಳೆಯ ರಿಚರ್ಡ್ ಸ್ಟ್ರೀಟ್ ಅವರನ್ನು ಕರೆಸಿದರು. ಪಾಲ್ ವೇದಿಕೆಯ ಮೇಲೆ ಹೆಜ್ಜೆ ಹಾಕುತ್ತ ತುಟಿಯಾಡಿಸುತ್ತಿದ್ದರೆ, ಸ್ಟ್ರೀಟ್ ಪರದೆಯ ಹಿಂದೆ ನಿಂತು ಆ ಸಾಲುಗಳನ್ನು ಹಾಡುತ್ತಿದ್ದರು. ಪಾಲ್ ತಮ್ಮ ಸ್ವಂತ ಹಾಡುಗಳನ್ನು ಮಾತ್ರ ತಾವೇ ಹಾಡುತ್ತಿದ್ದರು.

ಕೆಂಡ್ರಿಕ್ಸ್ ಅವರ ಅಸಮಾಧಾನ ಬೇರೆ ಬಗೆಯದು. ವಿಟ್‌ಫೀಲ್ಡ್ ಅವರ ಹೊಸ ಅಬ್ಬರದ ಸಂಗೀತ ಅವರಿಗೆ ಹಿಡಿಸಲಿಲ್ಲ. ರಫಿನ್ ಅವರ ಗೆಳೆತನವನ್ನೂ ಅವರು ಬಿಟ್ಟಿರಲಿಲ್ಲ. ಬರ್ಮಿಂಗ್‌ಹ್ಯಾಮ್‌ನಿಂದ ಜೊತೆಗೆ ಬಂದ ಪಾಲ್ ಕಣ್ಣೆದುರೇ ಕುಸಿಯುತ್ತಿದ್ದರು. ಓಟಿಸ್ ಮತ್ತು ಮೆಲ್ವಿನ್ ಜೊತೆ ಮಾತು ನಿಂತುಹೋಗಿತ್ತು. ಹೀಗಿರುವಾಗ ಧ್ವನಿಮುದ್ರಣವಾದದ್ದು ‘ಜಸ್ಟ್ ಮೈ ಇಮ್ಯಾಜಿನೇಷನ್’. ಅಬ್ಬರವೆಲ್ಲ ಇಳಿದು, ತಂತಿವಾದ್ಯಗಳು ಮೆಲ್ಲನೆ ಹಾಸುವ ದಾರಿಯ ಮೇಲೆ ಕೆಂಡ್ರಿಕ್ಸ್ ಅವರ ಕಳ್ಳದನಿ ತಾನಾಗಿ ನಡೆಯುತ್ತದೆ. ನಡುವೆ ಒಂದು ಕಡೆ, ಪ್ರಾರ್ಥನೆಯ ಮಾತು ಬರುವಲ್ಲಿ, ಪಾಲ್ ಅವರ ದನಿ ಒಂದು ಕ್ಷಣ ಮೇಲೆದ್ದು ಮತ್ತೆ ಗುಂಪಿನೊಳಗೆ ಸೇರಿಕೊಳ್ಳುತ್ತದೆ. 1971ರ ಜನವರಿ 31ರಂದು ‘ಎಡ್ ಸಲಿವನ್ ಶೋ’ ಎಂಬ ಟಿವಿ ಕಾರ್ಯಕ್ರಮದಲ್ಲಿ ತಂಡ ಇದನ್ನು ಹಾಡಿತು. ಏಪ್ರಿಲಿನಲ್ಲಿ ಹಾಡು ಮೊದಲ ಸ್ಥಾನಕ್ಕೆ ಬಂದಾಗ ಕೆಂಡ್ರಿಕ್ಸ್ ತಂಡದಲ್ಲಿರಲಿಲ್ಲ. ಅದೇ ವರ್ಷ ವೈದ್ಯರ ಸಲಹೆಯ ಮೇರೆಗೆ ಪಾಲ್ ಕೂಡ ಹೊರಬಂದರು. 1973ರ ಆಗಸ್ಟ್ 17ರಂದು ತಮ್ಮ 34ನೇ ವಯಸ್ಸಿನಲ್ಲಿ ತೀರಿಕೊಂಡರು.

1971ನ್ನು ನಾನು ದೊಡ್ಡ ಬಿರುಕು ಎನ್ನುವುದಕ್ಕೆ ಮುಖ್ಯ ಕಾರಣ ಇಬ್ಬರು ಹೋದದ್ದಲ್ಲ, ಯಾವ ಇಬ್ಬರು ಹೋದರು ಎಂಬುದು. ಕೆಂಡ್ರಿಕ್ಸ್ ಮತ್ತು ಪಾಲ್ ಹೋದದ್ದರಿಂದ ಪ್ರೈಮ್ಸ್ ಕಡೆಯ ಪಾಲು ಪೂರ್ತಿ ಮುಗಿಯಿತು. ಉಳಿದ ಓಟಿಸ್ ಮತ್ತು ಮೆಲ್ವಿನ್ ಡಿಸ್ಟಂಟ್ಸ್ ಕಡೆಯವರು, ಪಾಲ್ ಜಾಗಕ್ಕೆ ಬಂದ ಸ್ಟ್ರೀಟ್ ಕೂಡ ಅದೇ ಕಡೆಯವರು. 1960ರಲ್ಲಿ ಎರಡು ತಂಡಗಳು ಕೂಡಿದ್ದರಿಂದ ಹುಟ್ಟಿದ ಮಿಶ್ರಣ ಈಗ ಒಂದೇ ಬದಿಗೆ ವಾಲಿತ್ತು. ದನಿಯ ಲೆಕ್ಕದಲ್ಲೂ ಅಷ್ಟೆ: ಒರಟು ದನಿಯ ಗಾಯಕ ಹೋದಾಗ ಬದಲಿಗೆ ಸಿಕ್ಕ ಗಾಯಕ ಅಷ್ಟೇ ಒರಟಾಗಿದ್ದರು, ಆದರೆ ಸ್ವರಮೇಳದ ಮೇಲಂಚು ಮತ್ತು ನಡು ಎರಡೂ ಒಟ್ಟಿಗೆ ಬದಲಾದಾಗ, ಕೋರಸ್ ಮಾತ್ರ ಹಾಡುವ ಜಾಗದಲ್ಲೂ ಬಣ್ಣ ಬೇರೆಯಾಗಿ ಕೇಳುತ್ತದೆ. ಹಳೆಯ ಹಾಡುಗಳ ಹಿನ್ನೆಲೆಯ ಸಾಲುಗಳನ್ನಷ್ಟೇ ಗಮನಿಸಿ ಕೇಳಿದವರಿಗೆ ಇದು ತಟ್ಟನೆ ಗೊತ್ತಾಗುತ್ತದೆ.

ಕೆಂಡ್ರಿಕ್ಸ್ ಜಾಗಕ್ಕೆ ‘ವೈಬ್ರೇಷನ್ಸ್’ ತಂಡದ ರಿಕಿ ಓವೆನ್ಸ್ ಕೆಲವು ವಾರಗಳ ಮಟ್ಟಿಗೆ ಬಂದುಹೋದರು. ಆಮೇಲೆ ಬಂದವರು ಬಾಲ್ಟಿಮೋರಿನ ಡೇಮನ್ ಹ್ಯಾರಿಸ್, ಆಗ ಅವರಿಗೆ 20 ವರ್ಷ. ಹುಡುಗನಾಗಿದ್ದಾಗಲೇ ಟೆಂಪ್ಟೇಷನ್ಸ್ ಮಾದರಿಯಲ್ಲಿ ತನ್ನದೊಂದು ತಂಡ ಕಟ್ಟಿಕೊಂಡು, ಕೆಂಡ್ರಿಕ್ಸ್ ಹಾಡಿದ ಹಾಗೆಯೇ ಹಾಡಲು ಕಲಿತಿದ್ದ ಅಭಿಮಾನಿ ಅವರು. ಅವರ ಹೆಸರೂ ಓಟಿಸ್. ತಂಡದಲ್ಲಿ ಒಬ್ಬ ಓಟಿಸ್ ಆಗಲೇ ಇದ್ದುದರಿಂದ ಡೇಮನ್ ಎಂದಾಯಿತು. ಅಭಿಮಾನಿಯೇ ಆರಾಧ್ಯ ಗಾಯಕನ ಜಾಗದಲ್ಲಿ ನಿಂತಾಗ ಎಂಥ ಭಾರ ಹೆಗಲಿಗೇರುತ್ತದೆ ಎಂಬುದನ್ನು ಈ ವಾದ ಮಾಡುವವರು ಒಮ್ಮೆಯಾದರೂ ಯೋಚಿಸಬೇಕೆಂದು ನನಗನಿಸುತ್ತದೆ. ಅದೇ 1971ರಲ್ಲಿ ವಿಟ್‌ಫೀಲ್ಡ್ ಮತ್ತು ಸ್ಟ್ರಾಂಗ್ ಬರೆದ ‘ಸೂಪರ್‌ಸ್ಟಾರ್’ ಹಾಡು, ಬಂದ ದಾರಿ ಮರೆತವರನ್ನು ಚುಚ್ಚುತ್ತದೆ. ಗುರಿ ರಫಿನ್ ಮತ್ತು ಕೆಂಡ್ರಿಕ್ಸ್ ಎಂಬುದು ಕೇಳುಗರೆಲ್ಲರಿಗೂ ತಿಳಿದಿತ್ತು. ತಂಡದ ಒಳಜಗಳವೇ ರೇಡಿಯೊದಲ್ಲಿ ಬಂದ ಮೇಲೆ ಅಭಿಮಾನಿಗಳು ಪಕ್ಷ ಕಟ್ಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆ ಬದಲಾದ ತಂಡ ಸೊರಗಿತೇ ಎಂದರೆ, ಇಲ್ಲ. 1972ರ ‘ಪಾಪಾ ವಾಸ್ ಎ ರೋಲಿನ್ ಸ್ಟೋನ್’ ಮೊದಲ ಸ್ಥಾನ ತಲುಪಿ ಮೂರು ಗ್ರಾಮಿ ಪ್ರಶಸ್ತಿ ಗಳಿಸಿತು. ಆಲ್ಬಮ್ಮಿನಲ್ಲಿ ಅದರ ಉದ್ದ ಸುಮಾರು 12 ನಿಮಿಷ. ಮೊದಲ ದನಿ ಕೇಳುವ ಮುನ್ನ ಹಲವು ನಿಮಿಷ ಬರೀ ವಾದ್ಯಗಳೇ ನುಡಿಯುತ್ತವೆ. ಸತ್ತ ತಂದೆಯ ಬಗ್ಗೆ ಮಕ್ಕಳು ತಾಯಿಯನ್ನು ಕೇಳುವ ಪ್ರಶ್ನೆಗಳನ್ನು ಎಡ್ವರ್ಡ್ಸ್, ಫ್ರಾಂಕ್ಲಿನ್, ಸ್ಟ್ರೀಟ್, ಹ್ಯಾರಿಸ್ ಹಂಚಿಕೊಂಡು ಹಾಡುತ್ತಾರೆ. ನಾಲ್ವರು ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತಿದ್ದಾರೇನೋ ಎನಿಸುತ್ತದೆ. ಪಾಪ್ ಪಟ್ಟಿಯಲ್ಲಿ ಮೊದಲ ಸ್ಥಾನ ಕಂಡ ತಂಡದ ನಾಲ್ಕು ಹಾಡುಗಳನ್ನು ಸಾಲಾಗಿಟ್ಟರೆ ‘ಮೈ ಗರ್ಲ್’ ಒಂದು ಐವರದ್ದು, ನಡುವಿನ ಎರಡು ಇನ್ನೊಂದು ಐವರದ್ದು, ಕೊನೆಯದು ಮೂರನೆಯ ಐವರದ್ದು. ಕ್ಲಾಸಿಕ್ ಫೈವ್ ಬಿಟ್ಟರೆ ಉಳಿದದ್ದೆಲ್ಲ ಬಾಲ ಎನ್ನುವವರಿಗೆ ಈ ಸಾಲೇ ಉತ್ತರ. ಆದರೂ ಆ ಕೊನೆಯ ಹಾಡಿನ ನಿಜವಾದ ನಾಯಕ ವಿಟ್‌ಫೀಲ್ಡ್ ಅವರ ಸಂಗೀತ. ದನಿಗಳು ಅದರೊಳಗೆ ಪಾತ್ರ ವಹಿಸುತ್ತವೆ, ಅದನ್ನು ಹೊತ್ತು ನಡೆಸುವುದಿಲ್ಲ. 1971ರ ಮುಂಚಿನ ತಂಡದಲ್ಲಿ ಹೀಗಿರಲಿಲ್ಲ.

ಇನ್ನು ಹೆಸರಿನ ಪ್ರಶ್ನೆ. ಗಾಯಕರು ಬದಲಾಗುತ್ತಲೇ ಹೋದರು: 1975ರಲ್ಲಿ ಹ್ಯಾರಿಸ್ ಹೋಗಿ ಗ್ಲೆನ್ ಲಿಯೊನಾರ್ಡ್, 1977ರಲ್ಲಿ ಎಡ್ವರ್ಡ್ಸ್ ಹೋಗಿ ಲೂಯಿ ಪ್ರೈಸ್, ಮತ್ತೆ ಎಡ್ವರ್ಡ್ಸ್, 1984ರಲ್ಲಿ ಆಲಿ-ಆಲಿ ವುಡ್ಸನ್, ಮತ್ತೆ ಎಡ್ವರ್ಡ್ಸ್. ಈ ತನಕ ಇಪ್ಪತ್ತಕ್ಕೂ ಹೆಚ್ಚು ಮಂದಿ ಟೆಂಪ್ಟೇಷನ್ಸ್ ಎನಿಸಿಕೊಂಡಿದ್ದಾರೆ. ಹೆಸರಿನ ಹಕ್ಕು ಮಾತ್ರ ಓಟಿಸ್ ಮತ್ತು ಮೆಲ್ವಿನ್ ಕೈಯಲ್ಲಿತ್ತು. 1995ರ ಫೆಬ್ರವರಿಯಲ್ಲಿ ಮೆಲ್ವಿನ್ ತೀರಿಕೊಂಡ ಮೇಲೆ ಮೂಲ ತಂಡದಿಂದ ಉಳಿದವರು ಓಟಿಸ್ ಒಬ್ಬರೇ. ಎಡ್ವರ್ಡ್ಸ್ ಆ ಹೆಸರಿನಲ್ಲಿ ತಮ್ಮದೇ ತಂಡ ನಡೆಸಲು ಹೋದಾಗ ವ್ಯಾಜ್ಯವಾಗಿ, ಕೊನೆಗೆ ಅವರ ತಂಡ ‘ಟೆಂಪ್ಟೇಷನ್ಸ್ ರಿವ್ಯೂ’ ಎಂಬ ಹೆಸರು ಹೊತ್ತಿತು. ಅಭಿಮಾನಿಗಳ ನೋವು ಇಲ್ಲಿ ಅರ್ಥವಾಗುವಂಥದ್ದು: ಜನರ ಕಿವಿಯಲ್ಲಿ ಅಚ್ಚೊತ್ತಿದ ದನಿಯವರಿಗೆ ಹೆಸರಿಲ್ಲ, ಹೆಸರಿರುವವರ ದನಿಯನ್ನು ಜನ ಬಿಡಿಯಾಗಿ ಗುರುತಿಸಲಾರರು. ಆದರೆ ಓಟಿಸ್ ಅವರ ಪಾಲಿನ ಕೆಲಸ ಕಡಿಮೆಯದ್ದಲ್ಲ. ಸಾಲು ಸಾಲು ನಿರ್ಗಮನಗಳ ನಡುವೆ ಮಾರನೆಯ ದಿನದ ಕಾರ್ಯಕ್ರಮಕ್ಕೆ ಐದನೆಯವನನ್ನು ಹುಡುಕಿ ನಿಲ್ಲಿಸುತ್ತಿದ್ದವರು ಅವರೇ.

ಹೆಸರು ಗಾಯಕರಲ್ಲಿ ಯಾರ ಬಳಿಯೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ‘ಡ್ರಿಫ್ಟರ್ಸ್’ ತಂಡವನ್ನು ನೋಡಬೇಕು. 1958ರಲ್ಲಿ ಹೆಸರಿನ ಒಡೆತನವಿದ್ದ ಮ್ಯಾನೇಜರ್ ಜಾರ್ಜ್ ಟ್ರೆಡ್‌ವೆಲ್ ಇದ್ದ ಗಾಯಕರೆಲ್ಲರನ್ನೂ ತೆಗೆದುಹಾಕಿ, ಬೆನ್ ಇ. ಕಿಂಗ್ ಇದ್ದ ‘ಫೈವ್ ಕ್ರೌನ್ಸ್’ ತಂಡವನ್ನೇ ತಂದು ಡ್ರಿಫ್ಟರ್ಸ್ ಎಂದು ಕರೆದರು. ಇಂಥವುಗಳ ನೆರಳಿನಲ್ಲಿ ಹಳೆಯ ತಂಡಗಳ ಹೆಸರಿನಲ್ಲಿ ಸಂಬಂಧವೇ ಇಲ್ಲದವರು ಹಾಡಿ ಹಣ ಮಾಡುವುದು ಹೆಚ್ಚಿದ್ದರಿಂದ, ಅಮೆರಿಕದ ಮೂವತ್ತಕ್ಕೂ ಹೆಚ್ಚು ರಾಜ್ಯಗಳು ‘ಟ್ರೂತ್ ಇನ್ ಮ್ಯೂಸಿಕ್’ ಎಂಬ ಕಾನೂನು ತಂದಿವೆ. ತಂಡದ ಧ್ವನಿಮುದ್ರಣದಲ್ಲಿ ಹಾಡಿದವರು ಒಬ್ಬರಾದರೂ ಇರಬೇಕು, ಇಲ್ಲವೇ ಹೆಸರಿನ ಟ್ರೇಡ್‌ಮಾರ್ಕ್ ಇರಬೇಕು, ಇಲ್ಲವೇ ಇದು ಗೌರವಾರ್ಥ ಕಾರ್ಯಕ್ರಮ ಎಂದು ಸ್ಪಷ್ಟವಾಗಿ ಹೇಳಬೇಕು ಎಂಬುದು ಅದರ ಸಾರ. ಇದಕ್ಕೆ ಎದುರಾಗಿ ಅದೇ ಡೆಟ್ರಾಯಿಟಿನ ‘ಫೋರ್ ಟಾಪ್ಸ್’ ಐವತ್ತರ ದಶಕದಿಂದ 1997ರವರೆಗೆ ನಾಲ್ವರಲ್ಲಿ ಒಬ್ಬರನ್ನೂ ಬದಲಿಸಲಿಲ್ಲ. ಲಾರೆನ್ಸ್ ಪೇಟನ್ ಅವರ ಸಾವು ಮಾತ್ರ ಅವರನ್ನು ಬೇರ್ಪಡಿಸಿತು. ಆಮೇಲೆ ಅವರ ಜೊತೆ ಸೇರಿದ ಥಿಯೋ ಪೀಪಲ್ಸ್ ಹಿಂದಿನ ದಿನಗಳಲ್ಲಿ ಟೆಂಪ್ಟೇಷನ್ಸ್ ಸದಸ್ಯರಾಗಿದ್ದವರು.

1982ರಲ್ಲಿ ರಫಿನ್ ಮತ್ತು ಕೆಂಡ್ರಿಕ್ಸ್ ಮರಳಿ ಬಂದು, ಏಳು ಮಂದಿಯ ಟೆಂಪ್ಟೇಷನ್ಸ್ ಒಂದು ಪ್ರವಾಸ ಮತ್ತು ‘ರಿಯೂನಿಯನ್’ ಎಂಬ ಆಲ್ಬಮ್ ಮುಗಿಸಿತು. ಅದು ಮುಂದುವರಿಯಲಿಲ್ಲ. ಕಾಲ ಕಳೆದಂತೆ ರಫಿನ್, ಕೆಂಡ್ರಿಕ್ಸ್ ಮತ್ತು ಎಡ್ವರ್ಡ್ಸ್ ಮೂವರೂ ಒಂದೇ ವೇದಿಕೆಯಲ್ಲಿ ಒಟ್ಟಿಗೆ ಹಾಡಿಕೊಂಡು ತಿರುಗಿದರು. ಅಭಿಮಾನಿಗಳು ಎರಡು ಪಕ್ಷವಾಗಿ ನಿಂತಿದ್ದ ಗಾಯಕರಿಬ್ಬರೂ ತಮ್ಮ ನಡುವಿನ ಹಳೆಯ ಲೆಕ್ಕವನ್ನು ಆಗಲೇ ಮುಗಿಸಿಕೊಂಡಿದ್ದರು. 1991ರ ಜೂನ್‌ನಲ್ಲಿ ರಫಿನ್, 1992ರ ಅಕ್ಟೋಬರಿನಲ್ಲಿ ಕೆಂಡ್ರಿಕ್ಸ್, 2018ರ ಫೆಬ್ರವರಿಯಲ್ಲಿ ಎಡ್ವರ್ಡ್ಸ್ ತೀರಿಕೊಂಡರು. 1983ರಲ್ಲಿ ಕಳ್ಳದನಿಯ ಸ್ಥಾನಕ್ಕೆ ಬಂದ ರಾನ್ ಟೈಸನ್ ಅದನ್ನು ಕೆಂಡ್ರಿಕ್ಸ್ ಅವರಿಗಿಂತ ಎಷ್ಟೋ ಹೆಚ್ಚು ವರ್ಷ ನಿಭಾಯಿಸಿದ್ದಾರೆ. ವಾದಗಳಲ್ಲಿ ಅವರ ಹೆಸರು ಬರುವುದೇ ವಿರಳ.

1989ರಲ್ಲಿ ದೊಡ್ಡ ಸಂಗೀತಗಾರರನ್ನು ಗೌರವಿಸುವ ಅಮೆರಿಕದ ಸಂಸ್ಥೆ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಟೆಂಪ್ಟೇಷನ್ಸ್ ತಂಡವನ್ನು ಗೌರವಿಸಿದಾಗ ಪಟ್ಟಿಯಲ್ಲಿ ಆರು ಹೆಸರುಗಳಿದ್ದವು: ಓಟಿಸ್ ವಿಲಿಯಮ್ಸ್, ಮೆಲ್ವಿನ್ ಫ್ರಾಂಕ್ಲಿನ್, ಪಾಲ್ ವಿಲಿಯಮ್ಸ್, ಎಡ್ಡಿ ಕೆಂಡ್ರಿಕ್ಸ್, ಡೇವಿಡ್ ರಫಿನ್, ಡೆನಿಸ್ ಎಡ್ವರ್ಡ್ಸ್. ಮೂಲ ಐವರಲ್ಲಿ ಒಬ್ಬರಾದ ಬ್ರಯಂಟ್ ಅದರಲ್ಲಿಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ ತಂಡದಲ್ಲಿ ಹಾಡಿದ, ಅದಕ್ಕೂ ಮೊದಲು ಗೆಳೆಯನಿಗಾಗಿ ಪರದೆಯ ಹಿಂದೆ ನಿಂತು ಹಾಡಿದ ರಿಚರ್ಡ್ ಸ್ಟ್ರೀಟ್ ಅವರ ಹೆಸರೂ ಇಲ್ಲ.